ಆಪ್ತಸಮಾಲೋಚಕರ ತರಬೇತಿಗೆ ಆಧಾರವಾದ ಮೌಲ್ಯಗಳು

ನೊಂದು ಬಂದವರಿಗೆ ಸಾಂತ್ವನ ಹೇಳುವುದು ನಮ್ಮ ಮಠಗಳಲ್ಲಿ ಪರಂಪರೆಯಿಂದ ನಡೆದು ಬಂದ ಸೇವೆ. ಹೀಗಿರುವಾಗ ಆಪ್ತಸಮಾಲೋಚನೆಗೆ ಪ್ರತ್ಯೇಕ ತರಬೇತಿ ಏಕೆ ಬೇಕೆಂಬ ಪ್ರಶ್ನೆ ಸದ್ಭಕ್ತರಲ್ಲಿ ಮೂಡುವುದು ಸಹಜ. ಬುದ್ಧಿಮಾತು ಬೇರೆ, ಆಪ್ತಸಮಾಲೋಚನೆ ಬೇರೆ. ಮೊದಲನೆಯದರಲ್ಲಿ ಹೇಳುವವರು ಮುಖ್ಯ; ಎರಡನೆಯದರಲ್ಲಿ ನೊಂದವರು ಮುಖ್ಯ. ಆದ್ದರಿಂದ ಈ ವೃತ್ತಿಯ ಶಿಕ್ಷಣವು ಬಹುಮಟ್ಟಿಗೆ ಸಂಯಮದ ಶಿಕ್ಷಣವೇ ಆಗಿದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರು 1957ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಸಮಾಲೋಚಕರಲ್ಲಿ ಇರಲೇಬೇಕಾದ ಮೂರು ಗುಣಗಳನ್ನು ನಿರೂಪಿಸಿದರು. ಎದುರಿಗಿರುವವರನ್ನು ಯಾವ ಷರತ್ತೂ ಇಲ್ಲದೆ ಗೌರವಿಸುವುದು, ಅವರ ನೋವನ್ನು ಅವರ ನೆಲೆಯಲ್ಲಿಯೇ ನಿಂತು ಅರಿಯುವುದು, ತಾವು ಒಳಗೂ ಹೊರಗೂ ಒಂದೇ ಆಗಿರುವುದು. ನಡೆ ನುಡಿ ಒಂದಾಗಿರಬೇಕೆಂಬ ಶರಣರ ಆದರ್ಶವನ್ನು ಬಲ್ಲ ನಮಗೆ ಮೂರನೆಯ ಗುಣ ಅಪರಿಚಿತವಲ್ಲ. ಎರಡನೆಯದು ಅಭ್ಯಾಸದಿಂದ ಮಾತ್ರ ಬರುವಂಥದು. ಸಾಲದಿಂದ ಕಂಗೆಟ್ಟ ರೈತನಿಗೆ ಆರಂಭದಲ್ಲಿಯೇ ‘ಧೈರ್ಯ ತಂದುಕೊಳ್ಳಿ’ ಎಂದರೆ ಆತನ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಆತ ಪೂರ್ತಿ ಹೇಳಿ ಮುಗಿಸುವವರೆಗೆ ಆಲಿಸುವುದನ್ನೇ ತರಬೇತಿಯಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿಸಲಾಗುತ್ತದೆ.

ಗೋಪ್ಯತೆ ಮತ್ತೊಂದು ಮೌಲ್ಯ. ನಮ್ಮ ದೇಶದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 23ನೇ ಸೆಕ್ಷನ್ ಮಾನಸಿಕ ಅಸ್ವಸ್ಥತೆ ಉಳ್ಳವರಿಗೆ ಗೋಪ್ಯತೆಯ ಹಕ್ಕನ್ನು ನೀಡಿದೆ. ಜೀವಕ್ಕೆ ಅಪಾಯವಿದ್ದಾಗ, ಇತರರಿಗೆ ಹಾನಿಯಾಗುವಂತಿದ್ದಾಗ ಇದಕ್ಕೆ ವಿನಾಯಿತಿಯುಂಟು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ 2012ರ ಪೋಕ್ಸೋ ಕಾಯ್ದೆಯಂತೆ ಅದನ್ನು ವರದಿ ಮಾಡುವುದು ಕಡ್ಡಾಯ. ಈ ಮಿತಿಗಳನ್ನು ಮೊದಲ ಭೇಟಿಯಲ್ಲಿಯೇ ತಿಳಿಸಬೇಕೆಂಬುದು ವೃತ್ತಿಯ ನಿಯಮ.

ಮೂರನೆಯದು ಸಮಾನತೆ ಮತ್ತು ಸ್ವಾತಂತ್ರ್ಯ. ಹನ್ನೆರಡನೆಯ ಶತಮಾನದ ಅನುಭವ ಮಂಟಪದಲ್ಲಿ ನಾನಾ ಕಾಯಕದವರೂ ಸ್ತ್ರೀಯರೂ ನಿರ್ಭಯವಾಗಿ ಮಾತನಾಡುತ್ತಿದ್ದರೆಂಬುದನ್ನು ನಾವು ಅಭಿಮಾನದಿಂದ ಸ್ಮರಿಸುತ್ತೇವೆ. ಸಮಾಲೋಚಕರ ಕೊಠಡಿಯೂ ಹಾಗೆಯೇ ಇರಬೇಕು. ಜಾತಿ, ಮತ, ಲಿಂಗ, ಅಂತಸ್ತುಗಳನ್ನು ನೋಡಿ ಅಲ್ಲಿ ಮನ್ನಣೆ ಹೆಚ್ಚು ಕಡಿಮೆಯಾಗಬಾರದು. ಬಂದವರ ಬಾಳಿನ ನಿರ್ಧಾರವನ್ನು ಅವರೇ ಕೈಗೊಳ್ಳಬೇಕು. ಸಮಾಲೋಚಕರು ತಮ್ಮ ನಂಬಿಕೆಯನ್ನು ಅವರ ಮೇಲೆ ಹೇರಬಾರದು.

ಕೊನೆಯದು ತಮ್ಮ ಮಿತಿಯ ಅರಿವು. ಸಮಾಲೋಚಕರು ಔಷಧಿ ಬರೆದುಕೊಡುವವರಲ್ಲ. ತೀವ್ರ ಕಾಯಿಲೆಯ ಲಕ್ಷಣ ಕಂಡರೆ ಮನೋವೈದ್ಯರ ಬಳಿಗೆ ಕಳುಹಿಸಬೇಕು. ಸ್ವಂತ ಬಂಧುಗಳಿಗೆ, ವ್ಯವಹಾರದ ನಂಟುಳ್ಳವರಿಗೆ ತಾವೇ ಸಮಾಲೋಚಕರಾಗುವುದನ್ನು ತಪ್ಪಿಸಬೇಕು. ಕಲಿಕೆಯ ಅವಧಿಯಲ್ಲಿ ಅನುಭವಿಗಳ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವುದೂ ಇದಕ್ಕಾಗಿಯೇ.

ಈ ಮೌಲ್ಯಗಳು ಸಮಾಲೋಚಕರಿಗಷ್ಟೇ ಸಂಬಂಧಿಸಿದವಲ್ಲ. ಮಗಳನ್ನೋ ಮಗನನ್ನೋ ಸಮಾಲೋಚನೆಗೆ ಕರೆದೊಯ್ದ ತಂದೆತಾಯಿಗಳು ಬಾಗಿಲಲ್ಲೇ ‘ಒಳಗೆ ಏನು ಹೇಳಿದಳು, ಏನು ಹೇಳಿದ?’ ಎಂದು ಒತ್ತಾಯಿಸಿದರೆ ಮಕ್ಕಳ ಬಾಯಿ ಮತ್ತೆ ತೆರೆಯದೇ ಹೋದೀತು. ಕೆಲವೊಮ್ಮೆ ಆ ಮೌನದ ಬೆಲೆ ಒಂದು ಜೀವವೇ ಆಗಿರುತ್ತದೆ. ಸಮಾಲೋಚನೆಗೆ ಹೋದವರನ್ನು ಹುಚ್ಚರೆಂದು ಹೀಗಳೆಯುವ ರೂಢಿಯೂ ನಿಲ್ಲಬೇಕು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ಲಭ್ಯವಿದೆ. ಮನೆಮಂದಿಗೆಲ್ಲ ಕಾಣುವ ಕಡೆ ಈ ಸಂಖ್ಯೆಯನ್ನು ಬರೆದಿಡಬೇಕೆಂದು ಸದ್ಭಕ್ತರಲ್ಲಿ ವಿನಂತಿಸುತ್ತೇವೆ. ಆಯಕಟ್ಟಿನ ಉಪದೇಶಕ್ಕಿಂತ ಅಡ್ಡಿಪಡಿಸದೆ ಆಲಿಸುವ ಕಿವಿಯೇ ನೊಂದವರಿಗೆ ಮೊದಲ ದಾಸೋಹ.