'ಸಮತೋಲನ' ಅನ್ನುವವರಿಗೆ ಕೇಳಬೇಕಾದ ಒಂದು ಪ್ರಶ್ನೆ

ಸಂಪುಟ ರಚನೆಯ ಸೀಸನ್ ಬಂತೆಂದರೆ ಒಂದು ಪದ ಎಲ್ಲ ಚಾನೆಲ್‌ಗಳಲ್ಲೂ ಓಡಾಡುತ್ತದೆ: ಸಮತೋಲನ. ಜಾತಿ ಸಮತೋಲನ, ಪ್ರಾದೇಶಿಕ ಸಮತೋಲನ, ಬಣಗಳ ಸಮತೋಲನ. ಸಂವಿಧಾನದ 91ನೇ ತಿದ್ದುಪಡಿ ಪ್ರಕಾರ ಮಂತ್ರಿಗಳ ಸಂಖ್ಯೆ ಶೇ 15 ಮೀರುವಂತಿಲ್ಲ. 224 ಶಾಸಕರಿರುವ ಕರ್ನಾಟಕದಲ್ಲಿ ಮುಖ್ಯಮಂತ್ರಿಯೂ ಸೇರಿ 34 ಕುರ್ಚಿ. ಅದರೊಳಗೆ ಎಲ್ಲರನ್ನೂ ಕೂರಿಸುವುದು ಅಕ್ಷರಶಃ ಕಪ್ಪೆ ತೂಗುವ ಕೆಲಸ.

ಸರಿ, ಪದದ ಅರ್ಥವೇನು? 'ತೋಲನ' ಅಂದರೆ ತೂಗುವುದು. ತಕ್ಕಡಿ ಎಂಬ ಅರ್ಥದ 'ತುಲಾ' ಕೂಡ ಇದೇ ಮನೆತನದ್ದು. ಅಂದರೆ ಸಮತೋಲನ ತಾನಾಗಿ ಇರುವಂಥದ್ದಲ್ಲ, ಯಾರೋ ತೂಗಿ ತರಬೇಕಾದದ್ದು.

ಇಂಜಿನಿಯರಿಂಗ್ ಓದಿದವರಿಗೆ ಇದು ಬೇಗ ಹೊಳೆಯುತ್ತದೆ. ನೀವು ಹತ್ತುವ ಲಿಫ್ಟಿನ ಹಗ್ಗದ ಇನ್ನೊಂದು ತುದಿಯಲ್ಲಿ ಒಂದು ಭಾರ ನೇತಾಡುತ್ತಿರುತ್ತದೆ. ಲಿಫ್ಟ್ ಮೇಲೇರಿದರೆ ಅದು ಕೆಳಗಿಳಿಯುತ್ತದೆ. ಎದುರು ದಿಕ್ಕಿಗೆ ಎಳೆಯುವ ಆ ಭಾರ ಇರುವುದರಿಂದಲೇ ಮೋಟಾರಿನ ಹೊರೆ ಹಗುರ. ಪ್ರಬಲ ಪ್ರತಿಪಕ್ಷ, ಸ್ವತಂತ್ರ ನ್ಯಾಯಾಂಗ ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ.

ಆದರೆ ರಾಜಕೀಯದ ಮಾತಿನಲ್ಲಿ ಈ ಪದಕ್ಕೆ 'ನಡುವೆ ನಿಲ್ಲು', 'ಎರಡೂ ಕಡೆಗೆ ಸಮ ಕೊಡು' ಎಂಬ ಅರ್ಥ ಅಂಟಿಕೊಂಡಿದೆ. ಪಾರ್ಕಿನ ಸೀಸಾ ನೆನಪಿಸಿಕೊಳ್ಳಿ. ನಟ್ಟನಡುವೆ ಕೂತವನ ಭಾರ ಯಾವ ಕಡೆಗೂ ಲೆಕ್ಕಕ್ಕಿಲ್ಲ. ಒಂದು ಕಡೆ ಆಗಲೇ ವಾಲಿದ್ದರೆ, ಎರಡೂ ಕಡೆ ಸಮ ಭಾರ ಹಾಕಿದರೂ ಅದು ವಾಲಿಕೊಂಡೇ ಇರುತ್ತದೆ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ಕೆಲಸವೇ ಪ್ರಾದೇಶಿಕ ಅಸಮತೋಲನಕ್ಕೆ ಪರಿಹಾರ ಹುಡುಕುವುದಾಗಿತ್ತು. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅದರಲ್ಲೂ 39 ಅತ್ಯಂತ ಹಿಂದುಳಿದಿವೆ ಎಂದು 2002ರ ವರದಿ ಹೇಳಿತು. ಆ 39ರಲ್ಲಿ 26 ಉತ್ತರ ಕರ್ನಾಟಕದವು. ಎಲ್ಲರಿಗೂ ಸಮನಾಗಿ ಹಂಚಿ ಎಂದು ಸಮಿತಿ ಹೇಳಲಿಲ್ಲ. ಹಿಂದುಳಿದ ತಾಲ್ಲೂಕುಗಳಿಗೆ ಹೆಚ್ಚುವರಿ ಹಣ ಕೊಡಿ ಎಂದಿತು. ಪದದ ಸರಿಯಾದ ಬಳಕೆ ಅಂದರೆ ಇದು. ಮೀಸಲಾತಿಯ ತರ್ಕವೂ ಇದೇ.

ಹಾಗಾಗಿ ಅನ್ಯಾಯದ ವಿರುದ್ಧ ದನಿ ಎತ್ತಿದಾಗ ಯಾರಾದರೂ 'ಸ್ವಲ್ಪ ಸಮತೋಲನ ಇರಲಿ' ಎಂದು ಬುದ್ಧಿ ಹೇಳಲು ಬಂದರೆ, ಜಗಳ ಬೇಡ. ಒಂದೇ ಪ್ರಶ್ನೆ ಸಾಕು: ತಕ್ಕಡಿ ಈಗ ಯಾವ ಕಡೆ ವಾಲಿದೆ? ಅದಕ್ಕೆ ಉತ್ತರ ಕೊಡದೆ ಸಮತೋಲನ ಕೇಳುವವರು ವಾಲಿದ ತಕ್ಕಡಿ ವಾಲಿದಂತೆಯೇ ಇರಲಿ ಎನ್ನುತ್ತಿದ್ದಾರೆ, ಅಷ್ಟೇ.