ಟ್ರೈಲರಿನ ಓಲಾಟ: ಕೊಂಡಿಯನ್ನು ಆರಿಸುವುದು ಹೇಗೆ?

ಕಡಲೆಕಾಯಿ ಕೀಳುವ ಕಾಲದಲ್ಲಿ ಕಲ್ಯಾಣದುರ್ಗದಿಂದ ರಾಯದುರ್ಗದ ಕಡೆಗಾಗಲಿ ಪಾವಗಡದ ಕಡೆಗಾಗಲಿ ಹೋಗುವ ರಸ್ತೆಯ ಪಕ್ಕದಲ್ಲಿ ಅರ್ಧ ಗಂಟೆ ನಿಂತವರಿಗೆ ಈ ನೋಟ ಹೊಸದಲ್ಲ. ಬಳ್ಳಿಯ ಹೊರೆಯನ್ನು ಆಳೆತ್ತರಕ್ಕೆ ಪೇರಿಸಿಕೊಂಡ ಟ್ರೈಲರು, ಮುಂದಿನ ಟ್ರ್ಯಾಕ್ಟರಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಲ ಬೀಸುತ್ತ ಬರುತ್ತದೆ. ಎದುರಿನಿಂದ ಬರುವ ಸೈಕಲ್ಲಿನವನು ರಸ್ತೆ ಬಿಟ್ಟು ಮಣ್ಣಿಗಿಳಿಯುತ್ತಾನೆ. ಟ್ರ್ಯಾಕ್ಟರಿನವನು ಹಿಂದಿರುಗಿ ನೋಡುವುದೂ ಇಲ್ಲ. ಕೇಳಿದರೆ, "ಟ್ರೈಲರೆಂದ ಮೇಲೆ ಆಡದೆ ಇರುತ್ತದೆಯೇ ಸ್ವಾಮಿ" ಎನ್ನುತ್ತಾನೆ.

ಆಡದೆ ಇರುತ್ತದೆ. ಇರಬೇಕು ಕೂಡ. ಅದನ್ನು ಹೇಗೆ ಸಾಧಿಸುವುದೆಂದು ತಿಳಿಸುವುದಕ್ಕಾಗಿಯೇ ಈ ವಾರದ ಪುಟವನ್ನು ಮೀಸಲಿಟ್ಟಿದ್ದೇವೆ. ಟ್ರ್ಯಾಕ್ಟರಿನೊಡನೆ ಬರುವ ಪುಸ್ತಕ ಗಡಿಯಾಚೆಯ ನಮ್ಮ ರೈತ ಬಂಧುಗಳಿಗೆ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಸಿಕ್ಕುವುದೇ ಹೆಚ್ಚು. ಮಡಕಶಿರಾ, ಅಮರಾಪುರ, ರೊಳ್ಳದ ಹಳ್ಳಿಗಳಲ್ಲಿ ಮನೆಮಾತು ಕನ್ನಡವಾಗಿರುವವರು ಆ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಮರೆಯುವುದುಂಟು. ತಪ್ಪು ಅವರದಲ್ಲ.

ಮೊದಲು ಎತ್ತಿನ ಗಾಡಿಯನ್ನು ನೆನೆದುಕೊಳ್ಳೋಣ. ಗಾಡಿ ತುಂಬುವಾಗ ನಮ್ಮ ಹಿರಿಯರು ಮೂಕಿಯನ್ನು ಕೈಯಿಂದ ಎತ್ತಿ ನೋಡುತ್ತಿದ್ದರು. ಮುಂಭಾರ ಅತಿಯಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಿಂಭಾರವಾದರೆ ನೊಗ ಮೇಲಕ್ಕೆದ್ದು ಕೊರಳ ಹಗ್ಗ ಬಿಗಿಯುತ್ತದೆ, ಎತ್ತು ಕಾಲೂರಲಾರದೆ ತಡವರಿಸುತ್ತದೆ. ಆದುದರಿಂದ ತುಸು ಮುಂಭಾರವೇ ಇರಲಿ ಎಂದು ಒಂದೆರಡು ಮೂಟೆಗಳನ್ನು ಮುಂದಕ್ಕೆ ಸರಿಸುತ್ತಿದ್ದರು. ಎರಡು ಚಕ್ರದ ಟ್ರೈಲರೂ ಗಾಡಿಯೇ. ಎತ್ತಿನ ಹೆಗಲಿನ ಸ್ಥಳದಲ್ಲಿ ಟ್ರ್ಯಾಕ್ಟರಿನ ಕೊಂಡಿ ಬಂದಿದೆ, ಅಷ್ಟೇ. ಎತ್ತು ಬಾಯಿಲ್ಲದಿದ್ದರೂ ಒದ್ದಾಡಿ ತನ್ನ ಕಷ್ಟವನ್ನು ತಿಳಿಸುತ್ತಿತ್ತು. ಕಬ್ಬಿಣದ ಕೊಂಡಿ ತಿಳಿಸುವುದಿಲ್ಲವಾಗಿ ನಾವು ಆ ಹಳೆಯ ಎಚ್ಚರಿಕೆಯನ್ನು ಬಿಟ್ಟುಬಿಟ್ಟೆವು.

ಓಲಾಟ ಹುಟ್ಟುವ ಬಗೆ ಹೀಗೆ. ರಸ್ತೆಯ ಗುಂಡಿಯೋ ಗಾಳಿಯೋ ಟ್ರೈಲರಿನ ಬಾಲವನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ. ತೂಕದ ನಡುಬಿಂದು ಇರುಸಿಗಿಂತ ಮುಂದಿದ್ದರೆ ಆ ತಳ್ಳಾಟ ಒಂದೆರಡು ಸಲ ಆಡಿ ತಾನಾಗಿ ಅಡಗುತ್ತದೆ. ನಡುಬಿಂದು ಇರುಸಿನ ಹಿಂದಿದ್ದರೆ ಬಾಲ ಎಡಕ್ಕೆ ಹೋದಾಗ ಮೂಗು ಬಲಕ್ಕೆ ಹೋಗಿ ಟ್ರ್ಯಾಕ್ಟರಿನ ಬೆನ್ನನ್ನು ತಳ್ಳುತ್ತದೆ, ಮರುಕ್ಷಣ ಅದಕ್ಕೆ ವಿರುದ್ಧ. ಪ್ರತಿ ಸಲವೂ ಬೀಸು ದೊಡ್ಡದಾಗುತ್ತ ಹೋಗುತ್ತದೆ. ವೇಗ ಹೆಚ್ಚಿದಷ್ಟೂ ಇದು ಕೆಡುತ್ತದೆ. ಗಂಟೆಗೆ 15 ಕಿಲೋಮೀಟರಿನಲ್ಲಿ ಸಾಧುವಾಗಿದ್ದ ಟ್ರೈಲರು 25ಕ್ಕೆ ಏರಿಸಿದಾಗ ಹುಚ್ಚೆದ್ದ ಹೋರಿಯಂತೆ ಆಡಬಹುದು.

ಅಮೆರಿಕ ದೇಶದಲ್ಲಿ ಕಾರಿನ ಹಿಂದೆ ಅಡಿಗೆಮನೆ, ಹಾಸಿಗೆಗಳಿರುವ ಚಿಕ್ಕ ಮನೆಯನ್ನೇ ಕಟ್ಟಿಕೊಂಡು ಊರೂರು ಸುತ್ತುವವರು ಅನೇಕರಿದ್ದಾರೆ. ಅವರ ಓಲಾಟವನ್ನು ತಡೆಯಲೆಂದು ಅಲ್ಲಿಯ ಅಂಗಡಿಗಳಲ್ಲಿ ಉಜ್ಜಿ ಹಿಡಿಯುವ ಪಟ್ಟಿಗಳು, ಭಾರವನ್ನು ಹಂಚುವ ಸಲಾಕೆಗಳು, ಇನ್ನೂ ಏನೇನೋ ದೊರೆಯುತ್ತವೆ. ಇಷ್ಟೆಲ್ಲ ಇದ್ದರೂ ಅವರು ಮೊದಲು ಹೇಳುವ ಮಾತು ನಮ್ಮ ಗಾಡಿಯವರದೇ: ಟ್ರೈಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲೆ ಕೂರಬೇಕು. ಹಿಂಭಾರದ ಗಾಡಿಯನ್ನು ಎಷ್ಟು ದುಡ್ಡು ಸುರಿದು ತಂದ ಕೊಂಡಿಯೂ ಸರಿಪಡಿಸಲಾರದು.

ಈ ಲೆಕ್ಕವನ್ನು ನಮ್ಮಲ್ಲಿ ನೋಡುವುದು ಕಷ್ಟವಲ್ಲ. ಟ್ರೈಲರೂ ಸರಕೂ ಸೇರಿ 40 ಕ್ವಿಂಟಲ್ ಆದರೆ ಕೊಂಡಿಯ ಮೇಲೆ 4ರಿಂದ 6 ಕ್ವಿಂಟಲ್ ಬೀಳಬೇಕು. ಮಾರುಕಟ್ಟೆಯ ತೂಕದ ಸೇತುವೆಯಲ್ಲಿ, ಟ್ರ್ಯಾಕ್ಟರನ್ನು ಹಲಗೆಯಿಂದ ಆಚೆ ನಿಲ್ಲಿಸಿ, ಕೊಂಡಿ ಕಳಚದೆ ಟ್ರೈಲರಿನ ಚಕ್ರಗಳನ್ನು ಮಾತ್ರ ತೂಗಿಸಿರಿ. ಆಮೇಲೆ ಟ್ರೈಲರನ್ನು ಪೂರ್ತಿಯಾಗಿ ಹಲಗೆಯ ಮೇಲೆ ತಂದು, ಚಕ್ರಗಳಿಗೆ ಕಲ್ಲು ಕೊಟ್ಟು, ಅದರದೇ ಊರುಗಾಲಿನ ಮೇಲೆ ನಿಲ್ಲಿಸಿ ಕೊಂಡಿ ಕಳಚಿ ಮತ್ತೊಮ್ಮೆ ತೂಗಿಸಿರಿ. ಎರಡಕ್ಕೂ ಇರುವ ವ್ಯತ್ಯಾಸವೇ ಮುಂಭಾರ. ಒಂದು ಸಲ ಹೀಗೆ ಮಾಡಿ, ಆಗ ಮೂಟೆಗಳು ಎಲ್ಲಿಂದ ಎಲ್ಲಿಯವರೆಗೆ ಇದ್ದುವೆಂದು ತೊಟ್ಟಿಯ ಪಕ್ಕದ ಹಲಗೆಗೆ ಸುಣ್ಣದ ಗೆರೆ ಎಳೆದಿಟ್ಟುಕೊಂಡರೆ ವರ್ಷವೆಲ್ಲ ಸಾಕು.

ಮುಂಭಾರ ಒಳ್ಳೆಯದೆಂದು ಎಲ್ಲವನ್ನೂ ಮುಂದಕ್ಕೆ ಒಟ್ಟಿದರೆ ಇನ್ನೊಂದು ಅಪಾಯ. ಹಿಂಬದಿ ಒತ್ತಿದಷ್ಟೂ ಟ್ರ್ಯಾಕ್ಟರಿನ ಮುಂದಿನ ಚಕ್ರಗಳು ಹಗುರಾಗುತ್ತವೆ, ಸ್ಟಿಯರಿಂಗು ತಿರುಗಿಸಿದರೂ ಮೂತಿ ತಿರುಗುವುದಿಲ್ಲ. ಟ್ರ್ಯಾಕ್ಟರಿನ ಸ್ವಂತ ತೂಕದಲ್ಲಿ ಐದರಲ್ಲೊಂದು ಪಾಲಾದರೂ ಮುಂದಿನ ಚಕ್ರಗಳ ಮೇಲೆ ಉಳಿಯಬೇಕೆಂಬುದು ತಿಳಿದವರ ಲೆಕ್ಕ. 18 ಕ್ವಿಂಟಲಿನ ಟ್ರ್ಯಾಕ್ಟರಾದರೆ 3.6 ಕ್ವಿಂಟಲಿಗೆ ಕಡಿಮೆಯಾಗಬಾರದು. ಕಡಿಮೆಯೆನಿಸಿದರೆ ಮುಂದೆ ತೂಕದ ಬಿಲ್ಲೆಗಳನ್ನು ಹಾಕಿಸಬೇಕು.

ಇನ್ನು ಕೊಂಡಿಯ ಆಯ್ಕೆ. ಟ್ರ್ಯಾಕ್ಟರಿನ ಹಿಂದೆ ಕಟ್ಟಬಹುದಾದ ಜಾಗಗಳು ಒಂದಕ್ಕಿಂತ ಹೆಚ್ಚಿವೆ. ತೊಡಕು ಶುರುವಾಗುವುದೂ ಅಲ್ಲಿಯೇ.

ಕೆಳಗಿನ ಎರಡು ತೋಳುಗಳ ನಡುವೆ ಅಡ್ಡಲಾಗಿ ಕೂರಿಸುವ ತೂತುಗಳ ಪಟ್ಟಿಯನ್ನು ಎಲ್ಲರೂ ಬಲ್ಲರು. ಹೊಲದಲ್ಲಿ ಹಗುರ ಉಪಕರಣ ಎಳೆಯಲು ಅದು ಸಾಕು. ರಸ್ತೆಯ ಮೇಲೆ ತುಂಬಿದ ಎರಡು ಚಕ್ರದ ಟ್ರೈಲರಿಗೆ ಅದು ತಕ್ಕುದಲ್ಲವೆಂದೇ ನಮ್ಮ ಅಭಿಪ್ರಾಯ. ಏಕೆಂದರೆ ಆ ತೋಳುಗಳು ಪಕ್ಕಕ್ಕೆ ಆಡುತ್ತವೆ. ಪಕ್ಕದ ಸರಪಳಿಗಳು ಸಡಿಲವಾಗಿದ್ದರೆ ಟ್ರೈಲರಿನ ಓಲಾಟಕ್ಕೆ ತೊಟ್ಟಿಲು ಕಟ್ಟಿಕೊಟ್ಟಂತೆಯೇ ಸರಿ. ಮುಂಭಾರವೆಲ್ಲ ಹೈಡ್ರಾಲಿಕ್ಕಿನ ಮೇಲೆ ಬೀಳುತ್ತದೆ. ಅರಿಯದೆ ಯಾರ ಕೈಯಾದರೂ ಲಿವರಿಗೆ ತಗಲಿದರೆ ಕೊಂಡಿಯೇ ಮೇಲೇಳುತ್ತದೆ. ಅನಿವಾರ್ಯವಾಗಿ ಕಟ್ಟಲೇಬೇಕಾದರೆ ನಡುವಿನ ತೂತಿಗೇ ಕಟ್ಟಿ, ಸರಪಳಿ ಬಿಗಿಮಾಡಿ, ನಿಧಾನವಾಗಿ ಹೋಗಬೇಕು.

ಹಿಂದಿನ ಇರುಸಿನ ಪೆಟ್ಟಿಗೆಗೆ ಬೋಲ್ಟಿನಿಂದ ಬಿಗಿದ, ಅಲುಗಾಡದ ಕೊಂಡಿಯೇ ಟ್ರೈಲರಿಗೆ ಯೋಗ್ಯವಾದದ್ದು. ಅದರಲ್ಲಿಯೂ ಎರಡು ಅಂಶಗಳನ್ನು ನೋಡಬೇಕು. ಒಂದು, ಅದು ಹಿಂದಿನ ಚಕ್ರಗಳ ಇರುಸಿಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು. ಕೊಂಡಿ ಹಿಂದಕ್ಕೆ ಚಾಚಿಕೊಂಡಷ್ಟೂ ಟ್ರೈಲರಿನ ಕೈಗೆ ಉದ್ದದ ಸನಿಕೆ ಕೊಟ್ಟಂತೆ. ಅದು ಟ್ರ್ಯಾಕ್ಟರನ್ನು ಸುಲಭವಾಗಿ ಮೀಟುತ್ತದೆ. ತಿರುವಿನಲ್ಲಿ ಟೈರಿಗೆ ಟ್ರೈಲರಿನ ಮೂಕಿ ತಗಲದಷ್ಟು ಮಾತ್ರ ಅಂತರವಿರಲಿ. ಕೆಲವರು ವೆಲ್ಡಿಂಗ್ ಮಾಡಿಸಿ ಒಂದು ಗೇಣು ಉದ್ದ ಮಾಡಿಸುತ್ತಾರೆ. ಹಾಗೆ ಮಾಡಿಸಬಾರದು. ಎರಡನೆಯದು ಎತ್ತರ. ಸರಕು ತುಂಬಿದ ಮೇಲೆ ಟ್ರೈಲರಿನ ತೊಟ್ಟಿ ಸಮತಲವಾಗಿ ನಿಲ್ಲಬೇಕು. ಕೊಂಡಿಯೇ ಎತ್ತರವಾಗಿ ಮೂಗು ಮೇಲಕ್ಕೆದ್ದರೆ ತೂಕ ಹಿಂದಕ್ಕೆ ಜಾರಿ ಹಿಂಭಾರವಾಗುತ್ತದೆ.

ಮೇಲಿನ ಮೂರನೆಯ ತೋಳಿನ ಜಾಗಕ್ಕೆ ಮಾತ್ರ ಯಾವ ಕಾಲಕ್ಕೂ ಏನನ್ನೂ ಕಟ್ಟಿ ಎಳೆಯಕೂಡದು. ಇದರ ಹಿಂದೆ ಒಂದು ಕಥೆಯೇ ಇದೆ. ಹಿಂದೆ ನೇಗಿಲನ್ನು ಟ್ರ್ಯಾಕ್ಟರಿಗೆ ಸುಮ್ಮನೆ ತಗುಲಿಸಿ ಎಳೆಯುತ್ತಿದ್ದ ಕಾಲದಲ್ಲಿ ನೇಗಿಲು ಬಂಡೆಗೆ ಸಿಕ್ಕಿಕೊಂಡರೆ, ಹಿಂದಿನ ಚಕ್ರ ನಿಂತು, ಟ್ರ್ಯಾಕ್ಟರೇ ಹಿಂದಕ್ಕೆ ಎದ್ದು ಚಾಲಕನ ಮೇಲೆ ಮಗುಚುತ್ತಿತ್ತು. ಐರ್ಲೆಂಡಿನ ರೈತನ ಮಗ ಹ್ಯಾರಿ ಫರ್ಗುಸನ್ ಎಂಬಾತ ಇದಕ್ಕೆ ಪರಿಹಾರ ಹುಡುಕುತ್ತ ಮೂರು ತೋಳುಗಳ ಜೋಡಣೆಯನ್ನು ರೂಪಿಸಿದ. 1939ರಲ್ಲಿ ಫೋರ್ಡ್ ಕಂಪೆನಿಯೊಡನೆ ಸೇರಿ ಹೊರತಂದ ಟ್ರ್ಯಾಕ್ಟರಿನ ಮೂಲಕ ಅದು ದೊಡ್ಡ ಪ್ರಮಾಣದಲ್ಲಿ ಹಬ್ಬಿತು. ಇಂದು ನಮ್ಮ ಹೊಲಗಳಲ್ಲಿ ಓಡುವ ಟ್ರ್ಯಾಕ್ಟರುಗಳ ಹಿಂದೆಯೂ ಇರುವುದು ಆ ಜೋಡಣೆಯೇ. ಜನರ ಜೀವ ಉಳಿಸಲೆಂದು ಮಾಡಿದ ಆ ಮೇಲಿನ ತೋಳಿನ ಗುಬಟಿಗೆ ಕೆಸರಿನಲ್ಲಿ ಸಿಕ್ಕಿದ ಟ್ರೈಲರನ್ನು ಕಟ್ಟಿ ಎಳೆದರೆ ಅದೇ ಹಳೆಯ ಮೃತ್ಯುವನ್ನು ಕರೆದಂತೆ. ಎಳೆತ ಇರುಸಿಗಿಂತ ಮೇಲಾದೊಡನೆ ಮುಂದಿನ ಚಕ್ರ ಏಳುತ್ತದೆ. ಎದ್ದ ಟ್ರ್ಯಾಕ್ಟರು ತಡೆಯಲಾಗದ ಘಟ್ಟವನ್ನು ಮುಟ್ಟಲು ಒಂದು ಸೆಕೆಂಡೂ ಬೇಕಿಲ್ಲ. ಕ್ಲಚ್ಚು ಒತ್ತಬೇಕೆಂದು ಮನಸ್ಸಿಗೆ ಹೊಳೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಪಿನ್ನಿನ ವಿಷಯವನ್ನು ಹೇಳುವಾಗ ನಮ್ಮ ತಪ್ಪನ್ನೂ ಹೇಳಿಬಿಡುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಟ್ರೈಲರಿನಲ್ಲಿ ಹುಣಿಸೆಹಣ್ಣನ್ನು ಹಿಂದೂಪುರದ ಮಾರುಕಟ್ಟೆಗೆ ಒಯ್ಯುತ್ತಿದ್ದೆವು. ಪಿನ್ನು ಕಳೆದುಹೋಗಿತ್ತು. ಮನೆಯಲ್ಲಿದ್ದ ಬೋಲ್ಟೊಂದನ್ನು ಹಾಕಿಕೊಂಡೆವು. ಟ್ರೈಲರಿನ ಬಳೆ ಸವೆದು ಮೊಟ್ಟೆಯ ಆಕಾರಕ್ಕೆ ಬಂದಿದ್ದುದನ್ನು ನೋಡಿಯೂ ನೋಡದಂತಿದ್ದೆವು. ಇಳಿಸುವುದು ಸುಲಭವೆಂದು ಮೂಟೆಗಳನ್ನು ಹಿಂದೆ ಒಟ್ಟಿದ್ದೆವು. ಇಳಿಜಾರಿನಲ್ಲಿ ಓಲಾಟ ಹತ್ತಿತು. ಗಾಬರಿಯಿಂದ ಬ್ರೇಕು ಒತ್ತಿದೆವು. ಬೋಲ್ಟು ಮುರಿದು ಟ್ರೈಲರು ನಮ್ಮನ್ನು ದಾಟಿ ಚರಂಡಿಗೆ ಇಳಿಯಿತು. ಅದರ ಮೇಲೆ ಕೂತು ಬರುತ್ತೇನೆಂದು ಹಟ ಹಿಡಿದಿದ್ದ ಅಣ್ಣನ ಮಗನನ್ನು ಆ ದಿನ ಶಾಲೆಯಿದೆಯೆಂದು ಗದರಿಸಿ ಮನೆಯಲ್ಲಿ ಬಿಟ್ಟು ಬಂದಿದ್ದೆವು. ಹುಣಿಸೆಹಣ್ಣು ಹೋದದ್ದು ಇಂದು ನೆನಪಿಲ್ಲ.

ಆದುದರಿಂದ ಪಿನ್ನಿನ ಜಾಗದಲ್ಲಿ ಬೋಲ್ಟು, ಹಾರೆಯ ತುಂಡು, ಕಂಬಿ ಯಾವುದೂ ಸಲ್ಲದು. ಗಟ್ಟಿ ಉಕ್ಕಿನ, ತಲೆಯಿರುವ, ಕೆಳಗೆ ಬೀಗದ ಕ್ಲಿಪ್ಪು ಕೂರುವ ಪಿನ್ನೇ ಬೇಕು. ಪಿನ್ನು 30 ಮಿಲಿಮೀಟರ್ ದಪ್ಪವಿದ್ದು ಬಳೆಯ ತೂತು 40ಕ್ಕೆ ಹಿಗ್ಗಿದ್ದರೆ ಪ್ರತಿ ಗುಂಡಿಯಲ್ಲಿಯೂ ಸುತ್ತಿಗೆಯಿಂದ ಹೊಡೆದಂತೆ ಪೆಟ್ಟು ಬೀಳುತ್ತದೆ. ಲೇತ್ ಅಂಗಡಿಯಲ್ಲಿ ಬಳೆಗೆ ಬುಷ್ ಹಾಕಿಸುವುದು ಅರ್ಧ ದಿನದ ಕೆಲಸ. ಇದರ ಜೊತೆಗೆ, ಪಿನ್ನು ಹೋದರೂ ಟ್ರೈಲರು ಬಿಟ್ಟುಹೋಗದಂತೆ ಎರಡು ಗಟ್ಟಿ ಸರಪಳಿಗಳನ್ನು ಮೂಕಿಯ ಕೆಳಗೆ ಅಡ್ಡಹಾಯಿಸಿ ಕಟ್ಟಬೇಕು. ತಿರುವಿಗೆ ಬೇಕಾಗುವಷ್ಟು ಸಡಿಲವಿರಲಿ, ನೆಲಕ್ಕೆ ಉಜ್ಜುವಷ್ಟು ಬೇಡ.

ನೀರಿನ ಟ್ಯಾಂಕರುಗಳದು ಬೇರೆಯೇ ಪಾಡು. ಬೇಸಗೆಯಲ್ಲಿ ನಮ್ಮ ಸೀಮೆಯ ತೋಟಗಳಿಗೂ ಮನೆಗಳಿಗೂ ಅವೇ ಆಧಾರ. ತುಂಬಿದ ಟ್ಯಾಂಕರಿಗಿಂತ ಅರ್ಧ ತುಂಬಿದ್ದೇ ಹೆಚ್ಚು ಆಡುವುದನ್ನು ನೋಡಿ ಹಲವರು ಬೆರಗಾಗುತ್ತಾರೆ. ಒಳಗೆ ಜಾಗವಿರುವುದರಿಂದ ನೀರು ಪಕ್ಕಕ್ಕೂ ಹಿಂದಕ್ಕೂ ಅಲೆಯಾಗಿ ನುಗ್ಗುತ್ತದೆ, ಏರಿನಲ್ಲಿ ಎಲ್ಲ ಹಿಂದೆ ಸೇರಿ ಹಿಂಭಾರವಾಗುತ್ತದೆ. ಹೊಸ ಟ್ಯಾಂಕರು ಮಾಡಿಸುವವರು ಒಳಗೆ ತೂತುಳ್ಳ ಅಡ್ಡ ತಗಡುಗಳನ್ನು ಹಾಕಿದ್ದಾರೆಯೇ ಎಂದು ದೀಪ ಬಿಟ್ಟು ನೋಡಿಯೇ ಹಣ ಕೊಡಬೇಕು. ಹೊರಗಿನ ಬಣ್ಣ ನೋಡಿ ಮೋಸಹೋಗಬಾರದು.

ದಾರಿಯಲ್ಲಿ ಓಲಾಟ ಹತ್ತಿತೆಂದರೆ ಬ್ರೇಕು ಒತ್ತಬೇಡಿರಿ, ಸ್ಟಿಯರಿಂಗನ್ನು ಎಡಬಲಕ್ಕೆ ತಿರುಗಿಸಿ ಅದರೊಡನೆ ಜಗಳವಾಡಬೇಡಿರಿ. ಚಕ್ರ ನೇರವಾಗಿ ಹಿಡಿದು ಆಕ್ಸಿಲರೇಟರನ್ನು ಮೆಲ್ಲಗೆ ಬಿಟ್ಟರೆ ವೇಗ ತಗ್ಗಿ ಅದು ನಿಲ್ಲುತ್ತದೆ. ಆಮೇಲೆ ಪಕ್ಕಕ್ಕೆ ನಿಲ್ಲಿಸಿ ಮೂಟೆ ಸರಿಸಿಕೊಳ್ಳಿರಿ, ಎರಡೂ ಟೈರುಗಳ ಗಾಳಿ ಸಮವಿದೆಯೇ ನೋಡಿರಿ. ರಸ್ತೆಗಿಳಿಯುವ ಮೊದಲೇ ಎರಡು ಬ್ರೇಕು ಪೆಡಲುಗಳನ್ನು ಒಂದಾಗಿ ಸೇರಿಸುವ ಕೊಕ್ಕೆಯನ್ನು ಹಾಕಿರಬೇಕು. ಹೊಲದಲ್ಲಿ ಬಿಚ್ಚಿದವರು ಅದನ್ನು ಮರೆಯುವುದೇ ಹೆಚ್ಚು. ಇಳಿಜಾರು ಬರುವ ಮುನ್ನವೇ ಕೆಳಗಿನ ಗೇರಿಗೆ ಬರಬೇಕು. ಡೀಸೆಲ್ ಉಳಿಸಲೆಂದು ನ್ಯೂಟ್ರಲಿನಲ್ಲಿ ಬಿಡುವವರು ಉಳಿಸುವುದು ನಾಲ್ಕಾರು ರೂಪಾಯಿ.

ಮೂಕಿಯ ಮೇಲೆ, ಟ್ರ್ಯಾಕ್ಟರಿಗೂ ಟ್ರೈಲರಿಗೂ ನಡುವೆ, ಯಾರನ್ನೂ ನಿಲ್ಲಿಸಬಾರದು. ಮಕ್ಕಳು ಅಲ್ಲಿಯೇ ನಿಲ್ಲಲು ಆಸೆಪಡುತ್ತಾರೆ. ಇನ್ನು ಹಿಂದೂಪುರ, ಕಲ್ಯಾಣದುರ್ಗಗಳ ಕಡೆಗೆ ಈ ಸುಗ್ಗಿಯಲ್ಲಿ ಹೊರಡುವವರು ಹೊರಡುವ ಹಿಂದಿನ ದಿನವೇ ಪಿನ್ನನ್ನು ಕಳಚಿ ಬಟ್ಟೆಯಿಂದ ಒರೆಸಿ ನೋಡಲಿ. ನಡುವಿನಲ್ಲಿ ಬೆರಳಿಗೆ ತಗಲುವಂತೆ ಸವೆತ ಕಂಡರೆ ಹೊಸದನ್ನು ತರಲಿ. ಹಳೆಯದನ್ನು ಗುಜರಿಗೆ ಹಾಕಲಿ, ಕೊಟ್ಟಿಗೆಯಲ್ಲಿಟ್ಟರೆ ಮುಂದಿನ ವರ್ಷ ಯಾರಾದರೂ ಅದನ್ನೇ ಹುಡುಕಿ ಹಾಕಿಕೊಳ್ಳುತ್ತಾರೆ.