ಕಾರಿನಂಗಳಕ್ಕೆ ತೆರೆದ ಬಾಗಿಲುಗಳು

ಅಮೆರಿಕದ ಹಳೆಯ ಮೊಟೆಲ್‌ಗಳ ಬಗ್ಗೆ ಅಲ್ಲಿಯವರ ಒಲವು ದೊಡ್ಡದು, ಆದರೆ ಅದು ಹೆಚ್ಚಾಗಿ ನಿಯಾನ್ ಫಲಕದ ಬಳಿಯೇ ನಿಂತುಬಿಡುತ್ತದೆ. ಲಾಸ್ ವೇಗಾಸ್‌ನ ಲಾ ಕೊಂಚಾ ಮೊಟೆಲ್ ಇದಕ್ಕೆ ಒಳ್ಳೆಯ ಉದಾಹರಣೆ. 1961ರಲ್ಲಿ ತೆರೆದ ಈ ಮೊಟೆಲ್ ಹೆಸರಾಂತ ಕಪ್ಪು ವರ್ಣೀಯ ವಾಸ್ತುಶಿಲ್ಪಿ ಪಾಲ್ ರೆವಿಯರ್ ವಿಲಿಯಮ್ಸ್ ಅವರ ವಿನ್ಯಾಸ. ಅದನ್ನು ಕೆಡವುವಾಗ ಕಪ್ಪೆಚಿಪ್ಪಿನಂಥ ಕಾಂಕ್ರೀಟ್ ಕಮಾನುಗಳ ಸ್ವಾಗತ ಕೊಠಡಿಯನ್ನು ಎಂಟು ತುಂಡು ಮಾಡಿ ಸಾಗಿಸಿ, ಮತ್ತೆ ಜೋಡಿಸಿ, ಅಲ್ಲಿನ ನಿಯಾನ್ ಮ್ಯೂಸಿಯಂನ ಪ್ರವೇಶದ್ವಾರ ಮಾಡಿಕೊಂಡರು. ಹಿಂದಿದ್ದ ಕೋಣೆಗಳ ಸಾಲು ಹೋಯಿತು. ಉಳಿದದ್ದು ಸುಂದರವಾದದ್ದೇ, ಅನುಮಾನವಿಲ್ಲ. ಆದರೆ ಮೊಟೆಲ್‌ನ ಚರಿತ್ರೆ ಇರುವುದು ಆ ಕೋಣೆಗಳ ಸಾಲಿನಲ್ಲಿ, ಅದರ ನಕ್ಷೆಯಲ್ಲಿ. ನಕ್ಷೆ ಅಳಿದರೆ ಫಲಕ ಬರೀ ಅಲಂಕಾರವಾಗುತ್ತದೆ.

ಆ ನಕ್ಷೆ ತೀರಾ ಸರಳ. 1925ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಒಬಿಸ್ಪೊದಲ್ಲಿ ಆರ್ಥರ್ ಹೈನ್‌ಮನ್ ಕಟ್ಟಿದ ಮೈಲ್‌ಸ್ಟೋನ್ ಮೊಟೆಲ್‌ನಿಂದ ಹಿಡಿದು ಐವತ್ತರ ದಶಕದ ಸಾವಿರಾರು ಕಟ್ಟಡಗಳವರೆಗೆ ಮೂಲ ವಿಚಾರ ಒಂದೇ: ಕಾರು ಬಾಗಿಲ ಬಳಿಗೇ ಬರಬೇಕು. ಪೇಟೆಯ ಹೋಟೆಲಿನಲ್ಲಿ ದೊಡ್ಡ ಹಜಾರ ದಾಟಿ, ಸಿಬ್ಬಂದಿಯ ಕಣ್ಣಿಗೆ ಬಿದ್ದು, ಲಿಫ್ಟ್ ಹತ್ತಿ, ಒಳಗಿನ ಓಣಿಯಲ್ಲಿ ನಡೆದು ಕೋಣೆ ಸೇರಬೇಕು. ಮೊಟೆಲ್‌ನಲ್ಲಿ ರಸ್ತೆಬದಿಯ ಪುಟ್ಟ ಕಚೇರಿಯಲ್ಲಿ ಹಣ ಕೊಟ್ಟು ಕೀ ತೆಗೆದುಕೊಂಡರೆ ಮುಗಿಯಿತು. ಅಂಗಳದ ಸುತ್ತ ಕೋಣೆಗಳು, ಪ್ರತಿ ಕೋಣೆಗೂ ಹೊರಬಾಗಿಲು, ಮುಂದೆ ಕಾರು. ಎರಡಂತಸ್ತಾದರೆ ಓಡಾಟಕ್ಕೆ ಕಂಬಿ ಹಾಕಿದ ತೆರೆದ ಮೊಗಸಾಲೆ. ಇವು ಮೇಸ್ತ್ರಿಗಳು ಅಗ್ಗದಲ್ಲಿ ಕಟ್ಟಿದ ಕಟ್ಟಡಗಳು, ಇವನ್ನು ವಾಸ್ತುಶಿಲ್ಪ ಎನ್ನುವುದು ಅತಿಯಾಯಿತು ಎಂಬ ಆಕ್ಷೇಪವಿದೆ. ಅಗ್ಗದವು ಎಂಬುದು ನಿಜ. ಆದರೆ ಹಜಾರ, ಓಣಿ, ಲಿಫ್ಟ್ ಇಲ್ಲದ್ದರಿಂದಲೇ ಒಂದು ಸಾಧಾರಣ ಕುಟುಂಬವೂ ವಸತಿಗೃಹದ ಒಡೆತನಕ್ಕೆ ಕೈಹಾಕಬಹುದಿತ್ತು. ಈ ಅಗ್ಗತನವನ್ನು ಆ ವಿನ್ಯಾಸದ ಸಾಧನೆ ಎಂದೇ ನಾನು ಎಣಿಸುತ್ತೇನೆ.

ಮೆಂಫಿಸ್ ನಗರದ ಮಲ್ಬೆರಿ ಬೀದಿಯ ಲೊರೇನ್ ಮೊಟೆಲ್ ಹುಟ್ಟಿದ್ದೂ ಹೀಗೆಯೇ. 1945ರಲ್ಲಿ ವಾಲ್ಟರ್ ಬೇಲಿ ಮತ್ತು ಲೊರೀ ಬೇಲಿ ಎಂಬ ಕಪ್ಪು ವರ್ಣೀಯ ದಂಪತಿ ಅಲ್ಲಿದ್ದ ಹಳೆಯ ಹೋಟೆಲನ್ನು ಕೊಂಡರು, ಮುಂದೆ ಅದಕ್ಕೆ ಎರಡಂತಸ್ತಿನ ಮೊಟೆಲ್ ಭಾಗ ಸೇರಿಸಿದರು. ಆಗ ತೆರೆದ ಹೆದ್ದಾರಿಯ ಸ್ವಾತಂತ್ರ್ಯ ಬಿಳಿಯರದ್ದು ಮಾತ್ರ. ಕಪ್ಪು ಪ್ರಯಾಣಿಕರು ಎಲ್ಲಿ ತಂಗಬಹುದು ಎಂದು ತಿಳಿಸಲು ಹಾರ್ಲೆಮ್‌ನ ಅಂಚೆ ನೌಕರ ವಿಕ್ಟರ್ ಗ್ರೀನ್ 1936ರಿಂದ ಗ್ರೀನ್ ಬುಕ್ ಎಂಬ ಕೈಪಿಡಿಯನ್ನೇ ಹೊರತರಬೇಕಾಯಿತು. ಲೊರೇನ್ ಆ ಪಟ್ಟಿಯಲ್ಲಿತ್ತು. ರೇ ಚಾರ್ಲ್ಸ್, ಅರೀತಾ ಫ್ರಾಂಕ್ಲಿನ್ ಅವರಂಥ ಗಾಯಕರು ಅಲ್ಲಿ ತಂಗಿದ್ದರು. ಪೌರಕಾರ್ಮಿಕರ ಮುಷ್ಕರಕ್ಕೆ ಬೆಂಬಲ ಕೊಡಲು ಬಂದ ಮಾರ್ಟಿನ್ ಲೂಥರ್ ಕಿಂಗ್ ಉಳಿದದ್ದು ಮೇಲಂತಸ್ತಿನ 306ನೇ ಕೋಣೆಯಲ್ಲಿ. 1968ರ ಏಪ್ರಿಲ್ 4ರ ಸಂಜೆ ಅವರು ಕೋಣೆಯ ಮುಂದಿನ ಮೊಗಸಾಲೆಯಲ್ಲಿ ನಿಂತು, ಕೆಳಗೆ ಕಾರುಗಳ ಬಳಿ ಇದ್ದ ಸಂಗಾತಿಗಳ ಜತೆ ಮಾತಾಡುತ್ತಿದ್ದಾಗ ಎದುರಿನ ಬಾಡಿಗೆ ಮನೆಯಿಂದ ಗುಂಡು ಹಾರಿತು. ಆ ದಿನವೇ ಪಾರ್ಶ್ವವಾಯುವಿಗೆ ತುತ್ತಾದ ಲೊರೀ ಬೇಲಿ ಐದು ದಿನಗಳಲ್ಲಿ ತೀರಿಕೊಂಡರು.

ಕೊಲೆ ಎಲ್ಲಿ ಬೇಕಾದರೂ ನಡೆಯಬಹುದಿತ್ತು, ಅದಕ್ಕೆ ಕಟ್ಟಡದ ಹಂಗೇಕೆ ಎಂದು ಕೇಳಬಹುದು. ಆದರೆ ಆ ಸಂಜೆಯ ಚಿತ್ರವನ್ನು ಮೊಟೆಲ್‌ನ ನಕ್ಷೆಯಿಂದ ಬಿಡಿಸಲು ಬರುವುದಿಲ್ಲ. ಮೇಲಿನವರೂ ಅಂಗಳದವರೂ ದನಿ ಎತ್ತರಿಸದೆ ಮಾತಾಡುವಂತೆ ಮಾಡಿದ ತೆರೆದ ಮೊಗಸಾಲೆಯೇ ಅವರನ್ನು ಬೀದಿಯಾಚೆಯ ಕಿಟಕಿಗೂ ಕಾಣಿಸಿತು. 1991ರಲ್ಲಿ ಇಲ್ಲಿ ರಾಷ್ಟ್ರೀಯ ನಾಗರಿಕ ಹಕ್ಕುಗಳ ಮ್ಯೂಸಿಯಂ ತೆರೆಯಿತು. ಮುಖಭಾಗ, ವೈಡೂರ್ಯ ಬಣ್ಣದ ಬಾಗಿಲುಗಳು, 306ನೇ ಕೋಣೆ ಉಳಿದಿವೆ. ಅಂಗಳದಲ್ಲಿ ಆ ಕಾಲದ ಎರಡು ಕಾರುಗಳು ನಿಂತಿವೆ. ಆದರೆ ಪ್ರದರ್ಶನಕ್ಕಾಗಿ ಹಿಂದಿನ ಬಹುಪಾಲು ಕೋಣೆಗಳನ್ನು ತೆಗೆದರು, ಅದಕ್ಕೂ ಮೊದಲು ಅಲ್ಲಿ ಕಡಿಮೆ ಬಾಡಿಗೆಗೆ ಇದ್ದವರನ್ನು ಹೊರಹಾಕಿದರು. ಬಡವರ ಹಕ್ಕಿಗಾಗಿ ಹೋರಾಡುತ್ತಿದ್ದ ಕಿಂಗ್ ಹೆಸರಿನಲ್ಲಿ ಬಡವರನ್ನು ಎಬ್ಬಿಸಿದ್ದು ಸರಿಯೇ ಎಂಬ ಟೀಕೆಗೆ ನನ್ನ ಬಳಿ ಸಮಾಧಾನವಿಲ್ಲ, ಅದು ನ್ಯಾಯವಾದ ಟೀಕೆ. ಇಷ್ಟಂತೂ ಹೇಳಬಹುದು: ಕೋಣೆ, ಮೊಗಸಾಲೆ, ಅಂಗಳ ಒಟ್ಟಿಗೆ ಉಳಿದಿರುವುದರಿಂದ ಅಲ್ಲಿ ಹೋದವರಿಗೆ ನಡೆದದ್ದು ಕಣ್ಣಿಗೆ ಕಟ್ಟುತ್ತದೆ. ಅಟ್ಲಾಂಟದ ಹಾರ್ಟ್ ಆಫ್ ಅಟ್ಲಾಂಟ ಮೊಟೆಲ್‌ಗೆ ಆ ಭಾಗ್ಯವಿಲ್ಲ. 216 ಕೋಣೆಗಳ ಆ ಮೊಟೆಲ್ ಕಪ್ಪು ಜನರಿಗೆ ಕೋಣೆ ಕೊಡುವುದಿಲ್ಲವೆಂದು ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1964ರಲ್ಲಿ ಸೋತಿತು. ಹೊರರಾಜ್ಯದ ಪ್ರಯಾಣಿಕರೇ ಅದರ ಮುಖ್ಯ ಗಿರಾಕಿಗಳಾಗಿದ್ದರಿಂದ ಅಂತರರಾಜ್ಯ ವ್ಯಾಪಾರದ ಕಾನೂನು ಅದಕ್ಕೆ ಅನ್ವಯವಾಯಿತು. ಅಂದರೆ ಹೆದ್ದಾರಿಯೇ ತೀರ್ಪಿಗೆ ಆಧಾರ ಒದಗಿಸಿತು. ಆ ಕಟ್ಟಡ ಇಂದಿಲ್ಲ.

ಭಾರತೀಯರಿಗೂ ಈ ನಕ್ಷೆಯಲ್ಲಿ ಪಾಲಿದೆ. 1956ರ ಕಾಯ್ದೆಯಿಂದ ಬಂದ ಅಂತರರಾಜ್ಯ ಹೆದ್ದಾರಿಗಳು ಹಳೆಯ ರಸ್ತೆಗಳ ಗಿರಾಕಿಗಳನ್ನು ಕಸಿದವು. ಹಾಲಿಡೇ ಇನ್‌ನಂಥ ಸರಣಿಗಳ ಪೈಪೋಟಿಯೂ ಜತೆಗೂಡಿ ಸಣ್ಣ ಮೊಟೆಲ್‌ಗಳು ಕಡಿಮೆ ಬೆಲೆಗೆ ಮಾರಾಟಕ್ಕೆ ಬಂದವು. ಎಪ್ಪತ್ತರ ದಶಕದಲ್ಲಿ ಅವನ್ನು ಕೊಂಡವರಲ್ಲಿ ಗುಜರಾತಿನ ಪಟೇಲರು ದೊಡ್ಡ ಸಂಖ್ಯೆಯಲ್ಲಿದ್ದರು. ಕಚೇರಿಯ ಹಿಂದೆಯೇ ಮಾಲೀಕರ ಮನೆ ಇರುತ್ತಿದ್ದುದರಿಂದ ಬೇರೆ ಬಾಡಿಗೆ ಬೇಡ, ಮನೆಮಂದಿಯೆಲ್ಲ ದುಡಿದರೆ ಕೂಲಿಯೂ ಬೇಡ. ಆ ಹಿಂಬದಿ ಮನೆಯಿಂದಲೇ ಒಂದು ವಲಸೆ ಸಮುದಾಯದ ಉದ್ಯಮ ಬೆಳೆಯಿತು. ಆದರೂ ಸಂರಕ್ಷಣೆಯ ಮಾತು ಬಂದಾಗ ಯಾರೂ ಅದನ್ನು ನೆನೆಯುವುದಿಲ್ಲ. ನಕ್ಷೆಯನ್ನೇ ಉಳಿಸಿಕೊಂಡ ಉದಾಹರಣೆಯೂ ಇದೆ: ನ್ಯೂ ಮೆಕ್ಸಿಕೋದ ಟುಕುಮ್ಕಾರಿಯ ಬ್ಲೂ ಸ್ವಾಲೋ ಮೊಟೆಲ್ ಕೋಣೆಗೊಂದು ಕಾರುಮನೆಯ ಸಹಿತ ಉಳಿದು 1993ರಲ್ಲಿ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿ ಸೇರಿತು. ಮಾಡಬೇಕಾದ್ದು ಹೀಗೆ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ಕನ್ನಡಿಗರು ಈಗ ಕಡಿಮೆಯಿಲ್ಲ. ಮೆಂಫಿಸ್ ದಾರಿಯಲ್ಲಿ ಸಿಕ್ಕರೆ ಲೊರೇನ್‌ಗೆ ಹೋಗಿ. ಪ್ರದರ್ಶನಕ್ಕೆ ಒಳನುಗ್ಗುವ ಮೊದಲು ಕಾರುಗಳ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತು, ಅಂಗಳದಿಂದ ಮೊಗಸಾಲೆ ಎಷ್ಟು ಹತ್ತಿರ, ಎದುರಿನ ಕಿಟಕಿ ಎಷ್ಟು ನೇರ ಎಂಬುದನ್ನು ನೀವೇ ಅಂದಾಜು ಮಾಡಿ ನೋಡಿ.